ಹೂಂಗುಟ್ಟುವವನು

ಮೊದಲು ಅದು ಫ್ಯಾನಿನ ಸದ್ದಿರಬೇಕು ಎಂದುಕೊಂಡ ಸುಶ್ರುತ. ಹೆಡ್‌ಫೋನಿನ ಬಲಗಡೆ, ಸಣ್ಣಗೆ, ಗಂಟಲಿನ ತಳದಿಂದೆದ್ದ ಹಾಗೆ ಒಂದು ದನಿ ಬಂದು ಬಂದು ಹೋಗುತ್ತಿತ್ತು. ಫ್ಯಾನಾದರೆ ಒಂದೇ ಸಮ ತಿರುಗಬೇಕು. ಇದು ಹೊತ್ತು ನೋಡಿ ಬರುತ್ತಿತ್ತು. ಅವನು ರೆಕಾರ್ಡಿಂಗನ್ನು ಹಿಂದಕ್ಕೆ ಸರಿಸಿ ಮತ್ತೆ ಕೇಳಿದ. ಪರದೆಯ ಮೇಲೆ, ಪರೀಕ್ಷೆಗೆ ಬಂದಿದ್ದ ಸೀತಾಲಕ್ಷ್ಮಿಯವರ ಮೌಸಿನ ಬಾಣ ಅತ್ತಿತ್ತ ಅಲೆದು, ಎಡ ಅಂಚಿನ ಹತ್ತಿರ ಬಂದು, ಪರರ ಮನೆಯ ಹೊಸಿಲ ಮುಂದೆ ನಿಂತವರ ಹಾಗೆ ಅಳುಕಿ ನಿಂತಿತು. “ಹೂಂ,” ಎಂದಿತು ದನಿ. ಬಾಣ ಅಂಚಿಗೆ ತಾಗಿತು. ಮರೆಯಲ್ಲಿದ್ದ ಪಟ್ಟಿ ಹೊರಗೆ ಜಾರಿ ಬಂತು. ಆಕೆ ಬದಿಗಿಟ್ಟಿದ್ದ ಹಾಡಿನ ಪುಟ ಅದರಲ್ಲಿತ್ತು. ಸಿಕ್ಕಿತು ಎಂದು ಆಕೆ ಮಗುವಿನಂತೆ ನಕ್ಕದ್ದು ಕೇಳಿಸಿತು. ಇನ್ನೊಂದು ಸಲ ಕೇಳುವ ಹೊತ್ತಿಗೆ ಅವನಿಗೆ ಅನುಮಾನ ಉಳಿಯಲಿಲ್ಲ. ಅದು ಅವನದೇ ದನಿ. ತಾನು ಹೂಂ ಅಂದದ್ದು ಅವನಿಗೆ ನೆನಪೇ ಇರಲಿಲ್ಲ. ಉಸಿರಾಡಿದ್ದು ಯಾರಿಗೆ ನೆನಪಿರುತ್ತದೆ?

ಕೇಳುವುದೇ ಅವನ ಕೆಲಸ. ಹೊಸ ಕಂಪ್ಯೂಟರನ್ನೋ ಫೋನನ್ನೋ ಯಾರದಾದರೂ ಮುಂದಿಟ್ಟು, ಒಂದು ಕೆಲಸ ಹೇಳಿ, ಪಕ್ಕದಲ್ಲಿ ಕೂತು, ಅವರು ಎಲ್ಲಿ ಎಡವುತ್ತಾರೆ ಎಂದು ನೋಡುವುದು. ನೋಡಿದ್ದನ್ನು ಅದನ್ನು ತಯಾರಿಸಿದವರಿಗೆ ತಿಳಿಸುವುದು. ಜೆ.ಪಿ. ನಗರದಲ್ಲಿ, ಕನ್ನಡಕದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ರಾಜಶ್ರೀ ನಡೆಸುವ ಪುಟ್ಟ ಆಫೀಸಿಗೆ ಅಂಥ ಕೆಲಸಗಳು ಬರುತ್ತಿದ್ದವು. ಈ ಸಲ ಬಂದದ್ದು ‘ಅಂಗಳ’. ವಯಸ್ಸಾದ ಮೇಲೆ ಮೊದಲ ಸಲ ಕಂಪ್ಯೂಟರ್ ಮುಟ್ಟುವವರಿಗೆಂದೇ ಮಾಡಿದ ಆಪರೇಟಿಂಗ್ ಸಿಸ್ಟಮ್. ಹೊತ್ತಿಸಿದ ಗಳಿಗೆಯಿಂದ ಆರಿಸುವವರೆಗೆ ಕಣ್ಣಿಗೆ ಬೀಳುವುದೆಲ್ಲ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ. ನೋಡಲು ಬಲು ಚೊಕ್ಕ. ಆ ಚೊಕ್ಕತನಕ್ಕಾಗಿಯೇ ಅವರು ಒಂದು ಜಾಣತನ ಮಾಡಿದ್ದರು. ಯಾವುದಾದರೂ ಪುಟವನ್ನು ಬದಿಗಿಟ್ಟರೆ ಅದು ಎಡ ಅಂಚಿನ ಪಟ್ಟಿಗೆ ಸೇರಿ, ಪಟ್ಟಿಯೂ ಕಣ್ಮರೆಯಾಗುತ್ತಿತ್ತು. ಬಾಣವನ್ನು ಅಂಚಿಗೆ ಒತ್ತಿದರೆ ಮಾತ್ರ ಹೊರಬರುತ್ತಿತ್ತು. ಅಲ್ಲಿ ಅಂಚಿದೆ, ಒತ್ತಬೇಕು ಎಂದು ಹೇಳುವ ಒಂದು ಗೆರೆಯೂ ಇರಲಿಲ್ಲ. ಜನ ಇಲ್ಲಿ ಎಡವುತ್ತಾರೆ ಎಂದು ಸುಶ್ರುತನಿಗೆ ಮೊದಲ ದಿನವೇ ಅನ್ನಿಸಿತ್ತು. ಆದರೆ ಜನ ಎಡವಲಿಲ್ಲ. ಹೆಚ್ಚುಕಡಿಮೆ ಎಲ್ಲರೂ ಅಂಚಿಗೆ ಹೋಗಿ ಮುಟ್ಟಿದ್ದರು. ತನ್ನ ಊಹೆಗಿಂತ ಜನ ದೊಡ್ಡವರು ಎಂದು ಅವನು ಸಂತೋಷಪಟ್ಟು, ವರದಿಯಲ್ಲಿ ಹಾಗೇ ಬರೆದಿದ್ದ. ಸಂಜೆ ನಾಲ್ಕಕ್ಕೆ ಕಂಪನಿಯವರು ಬರುವವರಿದ್ದರು. ಇವನು ಓದುವುದು, ಅವರು ಒಪ್ಪುವುದು, ‘ಅಂಗಳ’ ಇದ್ದ ಹಾಗೇ ಅಂಗಡಿಗೆ ಹೋಗುವುದು.

ಬಿಳೇಕಹಳ್ಳಿಯ ಬೋರಣ್ಣನ ರೆಕಾರ್ಡಿಂಗ್ ತೆರೆದ. ತೋಟವಿದ್ದ ಜಾಗದಲ್ಲಿ ನಾಲ್ಕು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟಿರುವ ಗಟ್ಟಿ ಮನುಷ್ಯ. ಕುರ್ಚಿ ಎಳೆದು ಕೂರುವುದರಲ್ಲೇ ಒಂದು ಯಜಮಾನಿಕೆ. “ಇದೆಲ್ಲ ಏನ್ ಮಹಾ ಬಿಡಿ ಸಾರ್, ಟ್ರಾಕ್ಟರ್ ಓಡ್ಸಿದ್ ಕೈ ಇದು,” ಎನ್ನುತ್ತಲೇ ಬಾಣವನ್ನು ಮೇಲೆ ಒಯ್ದ. ಸದ್ದಿಲ್ಲ. ಕೆಳಗೆ ತಂದ. ಸದ್ದಿಲ್ಲ. ಎಡಕ್ಕೆ ಸರಿಸಿದ. “ಹೂಂ.” “ಅದೇ ಅಂದ್ಕೊಂಡೆ,” ಎಂದು ಬೋರಣ್ಣ ಗೆದ್ದವನ ಹಾಗೆ ಒತ್ತಿದ. ಸುಶ್ರುತ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಕಿವಿ ಬೆವೆತಿತ್ತು. ಇನ್ನೊಂದು ತೆರೆದ, ಮತ್ತೊಂದು ತೆರೆದ. ಎಲ್ಲರ ಪಕ್ಕದಲ್ಲೂ ಅವನು ಕೂತಿದ್ದ. ಎಲ್ಲರೂ ಕತ್ತಲಲ್ಲಿ ಗೋಡೆ ತಡವಿದ ಹಾಗೆ ಅವನ ಗಂಟಲನ್ನು ತಡವಿಕೊಂಡೇ ಹೋಗಿದ್ದರು. ಅವರಿಗೂ ಅದು ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತವನು ಗೋಡೆಯಂತಿರಬೇಕು, ತಲೆದೂಗಬಾರದು, ಮುಖದಲ್ಲಿ ಏನೂ ತೋರಿಸಬಾರದು ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನು ಅವನೇ. ತಲೆದೂಗಿರಲಿಲ್ಲ, ನಿಜ. ಮುಖದ ಮೇಲೆ ಕಾವಲಿಟ್ಟು ಗಂಟಲನ್ನು ಮರೆತಿದ್ದ.

ಆ ಗಂಟಲು ಅಪ್ಪ ತಿದ್ದಿದ್ದು. ಜಯನಗರದ ಮನೆಯ ನಡುಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ವ್ಯಾಸಪೀಠ ಎಳೆದುಕೊಂಡು ಷಟ್ಪದಿ ಓದಲು ಕೂರುತ್ತಿದ್ದರು. ರಾಗದ ಮೇಲೆ ಪದ್ಯ ಏರಿ, ತಿರುಗಿ, ಸಾಲಿನ ಕೊನೆಗೆ ಬಂದು ಇಳಿಯುವ ಜಾಗದಲ್ಲಿ ಎದುರಿಗೆ ಕೂತವನು ಹೂಂ ಅನ್ನಬೇಕು. ಮೊದಲೇ ಅಂದರೆ ಪದ್ಯಕ್ಕೆ ಅಡ್ಡ ಬಿದ್ದ ಹಾಗೆ, ತಡವಾಗಿ ಅಂದರೆ ನಿದ್ದೆ ಮಾಡುತ್ತಿದ್ದ ಹಾಗೆ. ಹೂಂ ಅನ್ನುವವನಿಲ್ಲದ ಪದ್ಯ ಬಾವಿಗೆ ಬಿದ್ದ ಬಿಂದಿಗೆ ಎನ್ನುತ್ತಿದ್ದರು ಅಪ್ಪ. ಹಗ್ಗ ಹಿಡಿದವನು ಸುಶ್ರುತ. ದೊಡ್ಡವನಾಗಿ ಕೆಲಸಕ್ಕೆ ಸೇರಿದ ಮೇಲೂ ಸಂಜೆ ಬಂದು ಕೈಕಾಲು ತೊಳೆದು ಎದುರಿಗೆ ಕೂರುತ್ತಿದ್ದ. ಪೂಜೆಯಲ್ಲಿ ಸಿಗದ ನೆಮ್ಮದಿ ಅಲ್ಲಿ ಸಿಗುತ್ತಿತ್ತು. ಒಂದು ವರ್ಷ ಅಪ್ಪ ಒಂದು ಪದ್ಯದ ಮೂರು ಸಾಲು ಓದಿ, ನಾಲ್ಕನೆಯದಕ್ಕೆ ಬೇರೆ ಪದ್ಯದೊಳಕ್ಕೆ ನಡೆದುಬಿಟ್ಟರು. ಪುಸ್ತಕ ಎದುರಿಗಿದ್ದರೂ ಅಪ್ಪ ಓದುತ್ತಿದ್ದದ್ದು ನೆನಪಿನಿಂದ. ಸುಶ್ರುತ ಹೂಂ ಅಂದ. ಮರುದಿನ ಹಿಂದಿನ ದಿನ ಓದಿದ್ದನ್ನೇ ಓದಿದರು. ಅದಕ್ಕೂ ಹೂಂ ಅಂದ. ನಿಮ್ಮಪ್ಪ ನಿನ್ನೆಯೂ ಇದನ್ನೇ ಓದಿದ್ದರಲ್ಲವೇನೋ ಎಂದು ಅಮ್ಮ ಒಳಗಿನಿಂದ ಬಂದು ಕೇಳಿದಾಗ ಇಲ್ಲವೆಂದ. ಎಷ್ಟು ದಿನದಿಂದ ಹೀಗೆ ಎಂದು ಕೊನೆಗೊಮ್ಮೆ ಡಾಕ್ಟರು ಕೇಳಿದರು. ಈಚೆಗೆ, ಎಂದ.

“ಬಂತಾ ಫೈನಲ್ ಕಾಪಿ?” ಎಂದಳು ರಾಜಶ್ರೀ, ಗಾಜಿನ ಬಾಗಿಲಿಂದ ತಲೆ ಹಾಕಿ. ಅವನು ಅವಳನ್ನು ಕರೆದು ಕೂರಿಸಿ, ಹೆಡ್‌ಫೋನ್ ಅವಳ ಕೈಗೆ ಕೊಟ್ಟ. ಮೊದಲು ಅವಳಿಗೆ ಏನೂ ಕೇಳಿಸಲಿಲ್ಲ. ಅವನು ಬೆರಳೆತ್ತಿ ಬೆರಳೆತ್ತಿ ತೋರಿಸಿದ ಮೇಲೆ ಕೇಳಿಸಿತು, ನಕ್ಕಳು. ನಗು ಅರ್ಧದಲ್ಲಿ ನಿಂತಿತು. ಅವಳು ಕೆಟ್ಟವಳಲ್ಲ. ಸುಶ್ರುತ ಪಕ್ಕದಲ್ಲಿ ಕೂತರೆ ಕಲ್ಲೂ ಮಾತಾಡುತ್ತದೆ ಎಂದು ಬಂದವರ ಮುಂದೆಲ್ಲ ಹೇಳುವವಳು. ಈಗಲೂ ಅದನ್ನೇ ಬೇರೆ ರೀತಿಯಲ್ಲಿ ಹೇಳಿದಳು: ಪಕ್ಕದಲ್ಲೊಬ್ಬ ಮನುಷ್ಯ ಕೂತಿದ್ದ ಮೇಲೆ ಅಷ್ಟಿಷ್ಟು ಇದ್ದದ್ದೇ, ಕೊನೆಯ ಪುಟದಲ್ಲಿ ಸಣ್ಣದಾಗಿ ಒಂದು ಸಾಲು ಹಾಕಿದರೆ ಸಾಕು. ಎಲ್ಲವನ್ನೂ ಮತ್ತೆ ಮಾಡುವುದೆಂದರೆ ಈ ಕಂಪನಿ ಇನ್ನು ಇತ್ತ ಮುಖ ಹಾಕುವುದಿಲ್ಲ. “ನೀನೇನು ಬೇಕು ಅಂತ ಮಾಡಿದ್ಯಾ? ಇಲ್ವಲ್ಲ,” ಎಂದಳು. ಹೌದು, ಬೇಕೆಂದು ಮಾಡಿದ್ದಲ್ಲ. ಆ ಮಾತಿನಲ್ಲಿ ಸಮಾಧಾನ ಹುಡುಕುತ್ತಿದ್ದಾಗಲೇ ಫೋನ್ ಅದುರಿತು. ಸೀತಾಲಕ್ಷ್ಮಿಯವರು. ಬೆಳಗ್ಗೆಯೂ ಮಾಡಿದ್ದರು, ಕೆಲಸದಲ್ಲಿದ್ದೇನೆ ಎಂದು ಅವನು ಎತ್ತಿರಲಿಲ್ಲ. ಮನೆಯಲ್ಲಿ ಬಳಸಿ ನೋಡಲೆಂದು ಕೆಲವರಿಗೆ ‘ಅಂಗಳ’ದ ಕಂಪ್ಯೂಟರನ್ನೇ ಕೊಟ್ಟು ಕಳಿಸಿದ್ದರು, ಅವರಲ್ಲಿ ಆಕೆಯೂ ಒಬ್ಬರು. “ಸುಶ್ರುತ ಅವರೇ, ತೊಂದ್ರೆ ಕೊಡ್ತಿದೀನಿ, ತಪ್ಪು ತಿಳ್ಕೋಬೇಡಿ,” ಎಂದರು ಆಕೆ, ಗುಟ್ಟು ಹೇಳುವ ದನಿಯಲ್ಲಿ. “ಒಂದ್ಸಲ ಬಂದು ಪಕ್ಕದಲ್ಲಿ ಕೂತ್ಕೊಳ್ತೀರಾ? ಅಷ್ಟು ಸಾಕು. ನೀವೇನೂ ಹೇಳ್ಕೊಡೋದು ಬೇಡ.”

ನಾಲ್ಕರೊಳಗೆ ಬಂದುಬಿಡು ಎಂದು ರಾಜಶ್ರೀ ಮೆಟ್ಟಿಲವರೆಗೂ ಹೇಳುತ್ತ ಬಂದಳು. ಸಾರಕ್ಕಿ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿ ಕೆಂಪು ದೀಪ ನೋಡುತ್ತಿದ್ದಾಗ, ಪಕ್ಕದ ಆಟೋದವನು ಫೋನಿನಲ್ಲಿ ಯಾರಿಗೋ ಹೂಂ, ಹೂಂ, ಹೂಂ ಎನ್ನುತ್ತಿದ್ದ. ಕಣ್ಣು ಮಾತ್ರ ಸಿಗ್ನಲ್ ಮೇಲೆ. ಆ ಕಡೆ ಮಾತಾಡುತ್ತಿದ್ದವರು ತಮ್ಮ ಮಾತಿಗೆ ಒಪ್ಪಿದ ಎಂದು ತಿಳಿದು ಏನೇನು ಮಾಡಿಬಿಡುತ್ತಾರೋ ಎಂದು ಸುಶ್ರುತನಿಗೆ ದಿಗಿಲಾಯಿತು. ಮಂಗಳವಾರ, ರಾಹುಕಾಲ, ಬನಶಂಕರಿ ದೇವಸ್ಥಾನದ ಮುಂದೆ ನಿಂಬೆಹಣ್ಣಿನ ದೀಪಕ್ಕೆ ಬಂದ ಹೆಂಗಸರು ರಸ್ತೆಗೂ ಚೆಲ್ಲಿಕೊಂಡಿದ್ದರು. ಅವನು ಅಭ್ಯಾಸದಂತೆ ಹಾರ್ನಿನ ಮೇಲಿನ ಬೆರಳೆತ್ತಿ ಎದೆಗೆ ಮುಟ್ಟಿಸಿಕೊಂಡ. ಏನು ಬೇಡಬೇಕೆಂದು ತೋಚಲಿಲ್ಲ. ದೇವಿಯೂ ಇಷ್ಟು ಜನಕ್ಕೆ ಹೂಂ ಅಂದಿರಬೇಕು, ಅವನ ಹಾಗೇ, ಬೇಕೆಂದಲ್ಲದೆ. ಛೆ, ಎಂದುಕೊಂಡು ತುಟಿ ಕಚ್ಚಿದ. ಪರೀಕ್ಷೆಯ ದಿನ ಸೀತಾಲಕ್ಷ್ಮಿಯವರು ಹಣೆಗೆ ಹೊಸ ಕುಂಕುಮ ಇಟ್ಟು, ಬನಶಂಕರಿಗೆ ದೀಪ ಹಚ್ಚಿಯೇ ಬಂದಿದ್ದರು. “ನೀವು ಪರೀಕ್ಷೆಗೆ ಕೂತಿಲ್ಲ, ಈ ಸಿಸ್ಟಮ್ ಪರೀಕ್ಷೆಗೆ ಕೂತಿದೆ. ನೀವು ಏನೂ ತಪ್ಪು ಮಾಡೋಕಾಗಲ್ಲ,” ಎಂದು ಎಲ್ಲರಿಗೂ ಓದಿ ಹೇಳುವ ಮಾತನ್ನು ಅವರಿಗೂ ಹೇಳಿದ್ದ. ಅವರು ಸಭ್ಯವಾಗಿ ತಲೆಯಾಡಿಸಿದ್ದರು, ಒಂದಕ್ಷರವೂ ನಂಬದೆ. ಈ ಊರಿನವರು ಯಾರೂ ನಂಬಿರಲಿಲ್ಲ. ಸಿಕ್ಕದಿದ್ದಾಗಲೆಲ್ಲ ನನ್ನ ಕಣ್ಣು ಸರಿಯಿಲ್ಲ, ನನಗೆ ತಲೆಯಿಲ್ಲ ಎಂದರೇ ಹೊರತು, ಇದನ್ನು ಮಾಡಿದವನಿಗೆ ತಲೆಯಿಲ್ಲ ಎಂದು ಒಬ್ಬರ ಬಾಯಲ್ಲೂ ಬಂದಿರಲಿಲ್ಲ.

ಯಡಿಯೂರು ಕೆರೆಯ ಹಿಂದಿನ ಅಡ್ಡರಸ್ತೆಯ ಮನೆಯಲ್ಲಿ ಗೇಟು ತೆಗೆದದ್ದು ಸೀತಾಲಕ್ಷ್ಮಿಯವರ ಸೊಸೆ ಸಮನ್ವಿತಾ. ಚಪ್ಪಲಿ ಬಿಡುವಷ್ಟರಲ್ಲಿ, ಒಳಗೆ ಕೇಳಿಸದ ಹಾಗೆ, ಹೇಳಿದಳು. “ಅತ್ತೆ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಸಾರ್. ಅಲ್ಲಿ ಪಟಪಟ ಅಂತ ಮಾಡಿದ್ದನ್ನ ಇಲ್ಲಿ ಮಾಡಕ್ಕಾಗ್ತಿಲ್ಲ, ನನಗೆ ಮರೆವು ಶುರುವಾಯ್ತು ಅಂತ ಒಂದೇ ಸಮ. ಅವರಕ್ಕಂಗೂ ಹಂಗೇ ಶುರುವಾಗಿದ್ದಂತೆ. ನಾಳೆ ನ್ಯೂರಾಲಜಿಸ್ಟ್ ಹತ್ರ ಅಪಾಯಿಂಟ್‌ಮೆಂಟ್ ತಗೊಂಡಿದೀವಿ.” ಸುಶ್ರುತ ಹೂಂ ಎನ್ನಹೋಗಿ ನುಂಗಿಕೊಂಡ. ಬಗ್ಗಿದವನು ಸ್ವಲ್ಪ ಹೊತ್ತು ಚಪ್ಪಲಿಯ ಪಟ್ಟಿಯನ್ನೇ ಬಿಚ್ಚುತ್ತಿದ್ದ. ಅಲ್ಲಿ ಅಪ್ಪನಿಗೆ ನಿಜವಾಗಿ ಬಂದಿದ್ದ ಮರೆವನ್ನು ಈ ಗಂಟಲು ಮುಚ್ಚಿಟ್ಟಿತ್ತು. ಇಲ್ಲಿ ಇಲ್ಲದ ಮರೆವನ್ನು ಹುಟ್ಟಿಸಿತ್ತು.

ಸೀತಾಲಕ್ಷ್ಮಿಯವರು ಕಂಪ್ಯೂಟರನ್ನು ದೇವರ ಮನೆಯ ಹೊರಗೋಡೆಗೆ ಒಂದು ಬದಿ ತಾಗಿದ್ದ ಮೇಜಿನ ಮೇಲಿಟ್ಟು, ಮೇಲೆ ಕಸೂತಿಯ ಬಟ್ಟೆ ಹೊದಿಸಿದ್ದರು. ಬನ್ನಿ, ಕಾಫಿ, ಬಿಸಿಲು ಎಂದು ಏನೇನೋ ಮಾತಾಡುತ್ತಲೇ ಬಟ್ಟೆ ತೆಗೆದರು. ಭಜನಾ ಮಂಡಳಿಯ ಹಾಡುಗಳನ್ನು ತಾವೇ ಕೂತು ಟೈಪು ಮಾಡಿದ್ದಾಗಿಯೂ, ಬದಿಗಿಟ್ಟ ಮೇಲೆ ಒಂದೂ ಸಿಗುತ್ತಿಲ್ಲವೆಂದೂ ಹೇಳಿದರು. ಇಟ್ಟದ್ದು ಎಲ್ಲಿ ಎಂದು ತಿಳಿಯದಿರುವುದೇ ಅಲ್ಲವೇ ಮೊದಲ ಲಕ್ಷಣ? ಅಕ್ಕ ಹೀಗೇ ಬೀಗದಕೈ ಹುಡುಕುತ್ತಿದ್ದಳು. ಇದು ಮಷೀನಿನ ತೊಂದರೆ, ನಾವು ಸರಿಮಾಡುತ್ತೇವೆ ಎಂದು ಸುಶ್ರುತ ಶುರುಮಾಡಿದ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆಕೆ ಕನ್ನಡಕದ ಮೇಲಿನಿಂದ ನೋಡಿದರು. “ನನ್ನ ಸಮಾಧಾನಕ್ಕೆ ಹೇಳ್ಬೇಡಿ. ಅವತ್ತು ಇದೇ ಮಷೀನಲ್ಲಿ ಮಾಡ್ಲಿಲ್ವಾ ನಾನು? ನೀವೇ ನೋಡಿದೀರಲ್ಲ.”

ಹೌದು, ನೋಡಿದ್ದ. ಹೇಗೆ ಹೇಳುವುದೆಂದು ತಿಳಿಯದೆ, ಮತ್ತೊಮ್ಮೆ ಮಾಡಿ ಎಂದ. ಆಕೆಯ ಹಿಂದೆ, ಬಲಕ್ಕೆ, ಅವತ್ತಿನ ಜಾಗದಲ್ಲೇ ಕುರ್ಚಿ ಎಳೆದು ಕೂತ. ಬಾಣ ಮೇಲಕ್ಕೆ ಹೋಯಿತು, ಮೂಲೆಗೆ ಹೋಯಿತು, ತಿರುಗಿ ಎಡಕ್ಕೆ ಬಂತು. ಈ ಸಲ ಅವನು ಗೊತ್ತಿದ್ದೇ ಹೂಂ ಅಂದ. ಬೇಕೆಂದು ಅಂದ ಹೂಂ ಬಾಯಲ್ಲಿ ಕಹಿಯಾಗಿತ್ತು. ಪಟ್ಟಿ ಜಾರಿ ಬಂತು. ಹಾಡುಗಳೆಲ್ಲ ಒಂದರ ಕೆಳಗೊಂದು ನಿಂತಿದ್ದವು. ಆಕೆ ಕೈ ಜೋಡಿಸಿದರು. “ಸಮನ್ವಿತಾ, ಬಾರಮ್ಮ ಇಲ್ಲಿ, ಬಂತು ನೋಡು,” ಎಂದು ಕೂಗುವಾಗ ಆ ಮುಖ ಎಷ್ಟು ಹಗುರಾಗಿತ್ತೆಂದರೆ, ಇಷ್ಟಕ್ಕೇ ಎದ್ದು ಹೋಗಿಬಿಡಬಹುದಲ್ಲ ಎನ್ನಿಸಿತು ಅವನಿಗೆ. ಕಾಫಿ ಕುಡಿದು, ನಾಲ್ಕರೊಳಗೆ ಆಫೀಸು ಸೇರಿ, ಕೊನೆಯ ಪುಟಕ್ಕೆ ಒಂದು ಸಾಲು ಸೇರಿಸಿ. ಆಕೆ ನಾಳೆ ಮತ್ತೆ ಒಬ್ಬರೇ ಕೂರುತ್ತಾರೆ. ನಾಳೆಯೇ ಡಾಕ್ಟರು.

“ಇನ್ನೊಂದ್ಸಲ ಮಾಡಿ ಅಮ್ಮ,” ಎಂದ. ಪುಟವನ್ನು ತಾನೇ ಬದಿಗಿಟ್ಟು ಮೌಸನ್ನು ಅವರ ಕೈಗೆ ಕೊಟ್ಟು, ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದ. ಬಾಣ ಎಡಕ್ಕೆ ಬಂತು. ನಿಂತಿತು. ಬಲಗಿವಿ ಇವನತ್ತ ಒಂದಿಷ್ಟು ವಾಲಿತು. ಬಾಣ ಅಂಚನ್ನು ಬಿಟ್ಟು ಮೇಲಕ್ಕೆ ಹೋಯಿತು, ಮತ್ತೆ ಬಂತು, ಮತ್ತೆ ನಿಂತಿತು. ಬಾಗಿಲಲ್ಲಿ ನಿಂತಿದ್ದ ಸಮನ್ವಿತಾ ಅತ್ತೆಯನ್ನು ಬಿಟ್ಟು ಇವನನ್ನು ನೋಡತೊಡಗಿದಳು. ಸೀತಾಲಕ್ಷ್ಮಿಯವರ ಕತ್ತಿನ ಹಿಂದೆ ಬೆವರು ಮೂಡಿತು. “ಈಗ್ತಾನೆ ಮಾಡಿದ್ನಲ್ಲಪ್ಪ,” ಎಂದರು, ಯಾರಿಗೋ.

“ನೀವು ಮಾಡಿದ್ದಲ್ಲ ಅಮ್ಮ. ನಾನು ಹೂಂ ಅಂದೆ. ಅದಕ್ಕೆ ನೀವು ಒತ್ತಿದ್ರಿ.”

ಆಕೆ ತಿರುಗಲಿಲ್ಲ. ಅವನು ಹೇಳುತ್ತ ಹೋದ: ಅವತ್ತೂ ಹೀಗೇ, ಎಲ್ಲರಿಗೂ ಹೀಗೇ, ತನಗೇ ತಿಳಿದದ್ದು ಇವತ್ತು. ಮಾತು ಮುಗಿದ ಮೇಲೆ ಮೇಜಿನ ಬಟ್ಟೆಯನ್ನು ಆಕೆ ನಾಲ್ಕು ಮಡಿಕೆ ಮಾಡಿದರು, ಬಿಚ್ಚಿದರು, ಮತ್ತೆ ಮಡಚಿದರು.

“ಹಾಗಾದ್ರೆ ಅವತ್ತೂ ನಂಗೆ ಬಂದಿರ್ಲಿಲ್ಲ.”

“ಇಲ್ಲ.”

“ಕಲೀದೇ ಇದ್ದದ್ದನ್ನ ಮರೆಯೋದು ಹೇಗೆ,” ಎಂದರು ಆಕೆ ನಿಧಾನವಾಗಿ. ಅವನು ಹೇಳಬೇಕೆಂದು ಸೊಸೆಯ ಮಾತು ಕೇಳಿದಾಗಿನಿಂದ ಹೊಂದಿಸಿಕೊಳ್ಳುತ್ತಿದ್ದ ಮಾತದು. ಹಗುರಾಗುತ್ತಾರೆ ಎಂದುಕೊಂಡಿದ್ದ. ಆಕೆಯ ಮುಖ ಬಿಗಿಯಿತು. “ಮಂಡ್ಳಿಯವರಿಗೆಲ್ಲ ಹೇಳ್ಕೊಂಡ್ ಬಂದಿದ್ದೆ ಕಣಯ್ಯ, ಪಾಸಾದೆ ಅಂತ. ಪೇಡ ಹಂಚಿದೆ. ಏನಂತ ತಿಳ್ಕೊಂಡೆ ನೀನು? ಮುದುಕಿ, ಪಾಪ, ಬರ್ಲಿ ಅಂತಲಾ?” ‘ನೀವು’ ಹೋಗಿ ‘ನೀನು’ ಆಗಿತ್ತು. ಪಾಪ ಎಂದೇ ಇರಬೇಕು. ಪಕ್ಕದಲ್ಲೊಬ್ಬರು ತಡವರಿಸಿದರೆ ನೋಡಲಾಗದ ಹೇಡಿತನಕ್ಕೆ ತಾಳ್ಮೆ ಎಂದು ಹೆಸರಿಟ್ಟುಕೊಂಡು ಸಂಬಳ ತೆಗೆದುಕೊಂಡಿದ್ದ.

ಜೇಬಿನಲ್ಲಿ ಫೋನ್ ಅದುರಿತು. ರಾಜಶ್ರೀ, ಕಂಪನಿಯವರು ಮುಂಚೆಯೇ ಬಂದು ಕೂತಿದ್ದಾರೆ, ಎಲ್ಲಿದ್ದೀಯ ಎಂದಳು. ಆ ವರದಿ ಕೊಡಬೇಡಿ, ಅದರಲ್ಲಿರುವುದು ನನ್ನ ದನಿ, ಜನರದ್ದಲ್ಲ, ಎಂದ. ನಾನೇ ಬಂದು ಅವರಿಗೆ ಹೇಳುತ್ತೇನೆ. “ಹೇಳಿದ್ಮೇಲೆ ನಾನು ನಿನ್ನನ್ನ ಟೆಸ್ಟಿಂಗಲ್ಲಿ ಕೂರಿಸೋಕಾಗಲ್ಲ, ಗೊತ್ತಲ್ಲ?” ಎಂದಳು ರಾಜಶ್ರೀ, ತಗ್ಗಿದ ದನಿಯಲ್ಲಿ. ಗೊತ್ತು ಎಂದ. ಕೇಳುವುದೊಂದೇ ಅವನಿಗೆ ಬರುತ್ತಿದ್ದ ವಿದ್ಯೆ.

ಸೀತಾಲಕ್ಷ್ಮಿಯವರು ಅಷ್ಟರಲ್ಲಿ ಪರದೆಯನ್ನು ದುರುಗುಟ್ಟಿ ನೋಡುತ್ತಿದ್ದರು. “ಅಲ್ಲ, ಎಲ್ಲೋ ಬಚ್ಚಿಟ್ಟಿದ್ದಾನಲ್ಲ, ಯಾರವನು? ಮನೆಗ್ ಬಂದೋರ ಚಪ್ಲಿ ಬಚ್ಚಿಟ್ಟು ತಮಾಷೆ ನೋಡೋ ಹಾಗೆ. ಇಲ್ಲಿದೆ ಅಂತ ಒಂದು ಗೆರೆ ಎಳೆದಿದ್ರೆ ಅವ್ನ ಗಂಟೇನು ಹೋಗ್ತಿತ್ತು?” ಇಷ್ಟು ದಿನ, ಇಷ್ಟು ಜನರ ಪಕ್ಕದಲ್ಲಿ ಕೂತು ಅವನು ಕಾದಿದ್ದ ಮಾತು ಅದು. ಈಗ ಬಂತು, ಬರೆದುಕೊಳ್ಳಲು ಕೈಯಲ್ಲಿ ಏನೂ ಇಲ್ಲದಾಗ. ನಾಳೆ ಡಾಕ್ಟರ ಹತ್ತಿರ ಹೋಗೋದು ಬೇಡವಾ ಎಂದು ಸಮನ್ವಿತಾ ಕೇಳಿದಳು. ನೋಡೋಣ, ಹೋಗೋದೇ ಆದರೆ ಬಿಪಿ ತೋರಿಸಿಕೊಂಡು ಬರೋಣ ಎಂದು ಆಕೆ ಸೆರಗು ಸಿಕ್ಕಿಸಿದರು. ಆಮೇಲೆ ಸುಶ್ರುತನತ್ತ ತಿರುಗಿದರು. “ನೀನು ಅಲ್ಲಿ ಕೂತ್ಕೋ. ಎದುರಿಗೆ. ಬಾಯಿ ಮುಚ್ಚಿಕೊಂಡು.”

ಅವನು ಎದುರಿನ ಕುರ್ಚಿಯಲ್ಲಿ ಕೂತ. ಅಲ್ಲಿಂದ ಪರದೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಆಕೆಯ ಮುಖ, ಕನ್ನಡಕದಲ್ಲಿ ಪ್ರತಿಫಲಿಸಿದ ನೀಲಿ ಚೌಕ ಮಾತ್ರ. ಅಪ್ಪನನ್ನೂ ಅವನು ಹೀಗೇ ಎದುರಿನಿಂದ ನೋಡಿದ್ದ, ಪುಸ್ತಕ ಕಾಣದಂತೆ. ಕೊನೆಕೊನೆಗೆ ಅಪ್ಪ ಸಾಲಿನ ತುದಿಯಲ್ಲಿ ಬೆರಳಿಟ್ಟು ಕಣ್ಣೆತ್ತಿ ನಿಲ್ಲುತ್ತಿದ್ದರು. ಮೆಚ್ಚುಗೆಗೆ ಕಾಯುತ್ತಿದ್ದಾರೆ ಎಂದುಕೊಂಡು ಅವನು ತಡಮಾಡದೆ ಹೂಂ ಅಂದಿದ್ದ, ಪ್ರತಿ ಸಲವೂ. ಅದು ಪ್ರಶ್ನೆಯಾಗಿದ್ದರೆ? ಸರಿಯಿದೆಯೇನೋ ಮಗು, ನಾನು ಇನ್ನೂ ದಾರಿಯಲ್ಲೇ ಇದ್ದೇನೆಯೇ, ಎಂದು ಬಾಯಿಬಿಟ್ಟು ಕೇಳಲಾರದ್ದನ್ನು ಕಣ್ಣಲ್ಲಿ ಕೇಳಿದ್ದರೆ? ಆ ಹೂಂ ಈಗ ಹೊಟ್ಟೆಯಿಂದ ಎದ್ದು ಗಂಟಲಲ್ಲಿ ಬಂದು ಕೂತಿತು. ಸೀತಾಲಕ್ಷ್ಮಿಯವರ ಕೈ ನಿಂತಿತ್ತು. ಕಣ್ಣು ಮೆಲ್ಲಗೆ ಎದ್ದು ಇವನ ಮುಖಕ್ಕೆ ಬಂದು, ಅಲ್ಲಿ ಏನೂ ಸಿಗದೆ, ಇಳಿಯಿತು. ಒಳಗೆ ಕುಕ್ಕರ್ ಕೂಗಿತು. ಅವನು ಕೈ ಕಟ್ಟಿಕೊಂಡ, ಹಲ್ಲು ಕಚ್ಚಿದ, ಉಸಿರನ್ನೂ ಹಿಡಿದ.

“ಹೂಂ,” ಎಂದರು ಆಕೆ, ತಮಗೆ ತಾವೇ, ಮತ್ತು ಒತ್ತಿದರು.

“ಇಲ್ಲೂ ಇಲ್ಲ,” ಎಂದರು. ದನಿಯಲ್ಲಿ ಅಳುಕಿರಲಿಲ್ಲ. ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡು ಇನ್ನೊಂದು ಕಡೆಗೆ ಹೊರಟರು.